ಹದ್ದು, ಬದು, ನೆರೆಹೊರೆ

(ಡೊಂಬಿವಲಿಯಲ್ಲಿ ಸಂಘದ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಕನ್ನಡ ಸಂಘದ ವೇದಿಕೆಯ ಮೇಲೆ 'ಗಡಿ ವಿವಾದ' ಎಂಬ ಮಾತು ಬಂದೊಡನೆ ನಮ್ಮೆಲ್ಲರ ಮನಸ್ಸು ಬೆಳಗಾವಿಯತ್ತ ಓಡುತ್ತದೆ. ೧೯೬೬ರಲ್ಲಿ ನೇಮಕಗೊಂಡು ೧೯೬೭ರಲ್ಲಿ ವರದಿ ಒಪ್ಪಿಸಿದ ಮಹಾಜನ ಆಯೋಗ, ೨೦೦೪ರಲ್ಲಿ ಮಹಾರಾಷ್ಟ್ರ ಸರಕಾರವು ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ, ಇವೆಲ್ಲ ನೆನಪಾಗುತ್ತವೆ. ಆ ವಿಷಯವಾಗಿ ಅಧಿಕಾರಯುತವಾಗಿ ಮಾತನಾಡಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಇಂದು ಎತ್ತಿಕೊಂಡಿರುವುದು ಅದಕ್ಕಿಂತ ಬಹಳ ಸಣ್ಣ ಗಡಿ. ನಮ್ಮ ಸೊಸಾಯಿಟಿಗೂ ಪಕ್ಕದ ಚಾಳಿಗೂ ನಡುವೆ ನಿಂತ ಒಂದು ಗೋಡೆ, ನಮ್ಮ ಅಂಗಳಕ್ಕೂ ನೆರೆಯವರ ಅಂಗಳಕ್ಕೂ ನಡುವಿನ ಎರಡು ಅಡಿ ಜಾಗ, ಊರಲ್ಲಿ ಉಳಿದಿರುವ ನಮ್ಮ ಹೊಲದ ಬದು. ಕಲ್ಯಾಣದ ನ್ಯಾಯಾಲಯದಲ್ಲಿ ಮೂವತ್ತು ವರ್ಷ ದಿವಾಣಿ ವಕೀಲಿಕೆ ನಡೆಸಿದ ನಾನು ಕಂಡಂತೆ, ಸಂಸಾರಗಳ ನಿದ್ದೆ ಕೆಡಿಸುವುದು ಈ ಸಣ್ಣ ಗಡಿಯೇ.

ಹೊರನಾಡಿನಲ್ಲಿ ನೆಲೆಸಿರುವ ನಮಗೆ ಇದರಲ್ಲಿ ಇನ್ನೊಂದು ಅಪಾಯವೂ ಉಂಟು. ಧಾರವಾಡದಲ್ಲಿ ಇಬ್ಬರು ನೆರೆಯವರು ಬದುವಿಗಾಗಿ ಜಗಳಾಡಿದರೆ ಅದು ಬದುವಿನ ಜಗಳವಾಗಿಯೇ ಉಳಿಯುತ್ತದೆ. ಇಲ್ಲಿ ಅದೇ ಜಗಳ ಎಂಟು ದಿನಗಳಲ್ಲಿ 'ಅವರು ಮರಾಠಿಯವರು, ನಾವು ಕನ್ನಡದವರು' ಎಂಬ ಬಣ್ಣ ತಳೆಯುತ್ತದೆ. ಒಮ್ಮೆ ಆ ಬಣ್ಣ ಹತ್ತಿತೆಂದರೆ ಎರಡು ಅಡಿ ಜಾಗ ಯಾರಿಗೆ ಸೇರಿದರೂ ನೆರೆ ಮಾತ್ರ ಯಾರಿಗೂ ಉಳಿಯುವುದಿಲ್ಲ. ಆದ್ದರಿಂದ ನಾನು ಹೇಳಬೇಕೆಂದಿರುವ ಮಾತು ಒಂದೇ. ಜಗಳಕ್ಕೆ ಮೊದಲು ಅಳತೆಯಾಗಲಿ, ಆ ಅಳತೆ ಇಬ್ಬರೂ ಕೂಡಿ ನಿಂತು ಮಾಡಿಸಿದ್ದಾಗಲಿ. ಉಳಿದುದೆಲ್ಲ ಈ ಮಾತಿನ ವಿಸ್ತಾರ.

ನೆಲದ ಗಡಿಯ ಚಿಂತೆ ಈ ಪ್ರಾಂತಕ್ಕೆ ಹೊಸದಲ್ಲ. ಠಾಣೆಯನ್ನು ರಾಜಧಾನಿ ಮಾಡಿಕೊಂಡು ಉತ್ತರ ಕೊಂಕಣವನ್ನಾಳಿದ ಶಿಲಾಹಾರರು ಮೊದಲಿಗೆ ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಕಾಣ್ಹೇರಿಯ ಗುಹೆಗಳಲ್ಲಿರುವ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರೂ ಶಿಲಾಹಾರ ಅರಸರ ಹೆಸರೂ ಒಟ್ಟಿಗೆ ಬರುತ್ತವೆ. ಆ ಶಿಲಾಹಾರರ ಕಾಲದ 'ಗಧೇಗಳ್' ಎಂಬ ಕಲ್ಲುಗಳು ಕೊಂಕಣದಲ್ಲಿ ಇಂದಿಗೂ ಸಿಗುತ್ತವೆ. ಮೇಲೆ ಸೂರ್ಯ ಚಂದ್ರರು, ನಡುವೆ ದಾನದ ಬರಹ, ಕೆಳಗೆ ಕತ್ತೆಯ ಚಿತ್ರದಲ್ಲಿ ಕೊರೆದ ಒಂದು ಘೋರವಾದ ಶಾಪ. ಕೊಟ್ಟ ನೆಲವನ್ನು ಕಸಿದವನಿಗೆ ಆ ಶಾಪ ತಟ್ಟಲಿ ಎಂಬುದು ಅದರ ಆಶಯ. ನಮ್ಮ ಕನ್ನಡ ನಾಡಿನ ದಾನಶಾಸನಗಳೂ ನೆಲದ ನಾಲ್ಕು ಎಲ್ಲೆಗಳನ್ನು ಹಳ್ಳ, ಹುಣಸೆಮರ, ಹುತ್ತ, ನೆಟ್ಟಕಲ್ಲುಗಳ ಗುರುತಿನಿಂದ ಹೇಳಿ, ಕೊನೆಗೆ ಅಳುಪಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರಲಿ ಎಂದು ಮುಗಿಸುತ್ತವೆ. ಹಳ್ಳ ದಿಕ್ಕು ಬದಲಿಸೀತು, ಮರ ಬಿದ್ದೀತು, ಹುತ್ತ ಕರಗೀತು. ಗುರುತುಗಳು ಇಷ್ಟು ದುರ್ಬಲವಾಗಿದ್ದುದರಿಂದಲೇ ಹಿರಿಯರು ಶಾಪದ ನೆರವು ಬೇಡಿದರೆಂದು ನನಗೆ ತೋರುತ್ತದೆ.

ಇಂದಿನ ಖರೀದಿ ಪತ್ರದಲ್ಲಿಯೂ ಆ ನಾಲ್ಕು ಎಲ್ಲೆಗಳು ಬರುತ್ತವೆ. ಮರಾಠಿಯಲ್ಲಿ ಅದನ್ನು 'ಚತುಃಸೀಮಾ' ಎನ್ನುತ್ತಾರೆ, ನಮ್ಮಲ್ಲಿ 'ಚಕ್ಕುಬಂದಿ' ಎನ್ನುತ್ತೇವೆ. ಆದರೆ ಗಡಿಯನ್ನು ಶಾಪದ ವಶದಿಂದ ಸರಪಳಿಯ ವಶಕ್ಕೆ ತಂದದ್ದು ಹತ್ತೊಂಬತ್ತನೆಯ ಶತಮಾನದ ಮುಂಬಯಿ ಪ್ರಾಂತದ ಮೋಜಣಿ. ೧೮೩೫ರ ಸುಮಾರಿಗೆ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಆರಂಭಿಸಿದ ಪದ್ಧತಿ, ೧೮೪೭ರ ಸಂಯುಕ್ತ ವರದಿಯ ನಂತರ ಗಟ್ಟಿಗೊಂಡು, ಠಾಣೆ ಜಿಲ್ಲೆಗೂ ಬಂತು, ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳಿಗೂ ಹೋಯಿತು. ಅವರ ಸರಪಳಿ ಮೂವತ್ತಮೂರು ಅಡಿಯದು. ಅದಕ್ಕೆ ಹದಿನಾರು ಆಣೆ. ಆ ಸರಪಳಿಯನ್ನು ಎರಡೂ ಕಡೆ ಒಮ್ಮೆ ಎಳೆದರೆ ಆದ ಚೌಕವೇ ಒಂದು ಗುಂಟೆ, ಅಂದರೆ ೧೦೮೯ ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ಮದ್ರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಿಂದ ಬಂದ ಬಂಧುಗಳಿಗೆ ಸೆಂಟ್ಸಿನ ಲೆಕ್ಕ ಹೆಚ್ಚು ಪರಿಚಿತ. ಎರಡೂವರೆ ಸೆಂಟ್ಸ್ ಒಂದು ಗುಂಟೆಯೆಂದು ತಿಳಿದರೆ ಸಾಕು.

ಈ ಸಮಾನ ಇತಿಹಾಸದಿಂದಾಗಿ ನೆಲದ ಮಾತಿನಲ್ಲಿ ಕನ್ನಡಕ್ಕೂ ಮರಾಠಿಗೂ ಅಷ್ಟಾಗಿ ಅಂತರವೇ ಇಲ್ಲ. ಅವರು 'ಹದ್ದ್' ಎಂದರೆ ನಾವು 'ಹದ್ದು' ಎನ್ನುತ್ತೇವೆ. ಅವರದು 'ಬಾಂಧ', ನಮ್ಮದು 'ಬಾಂದು'. ಅವರ 'ಟಿಪಣ' ನಮ್ಮ 'ಟಿಪ್ಪಣಿ'. ಗಡಿ ಗುರುತಿಸುವ ಅಳತೆಗೆ ಇಲ್ಲಿ 'ಹದ್ದ್ ಕಾಯಂ ಮೋಜಣಿ' ಎಂದರೆ ಕರ್ನಾಟಕದಲ್ಲಿ 'ಹದ್ದುಬಸ್ತು' ಎನ್ನುತ್ತಾರೆ. ಕಚೇರಿಗೆ ಹೋಗಲು ಭಾಷೆ ಬಾರದೆಂದು ಹಿಂಜರಿಯುವ ನಮ್ಮವರಿಗೆ ನಾನು ಹೇಳುವುದಿಷ್ಟೆ: ಆ ಕಚೇರಿಯ ಅರ್ಧ ಶಬ್ದಗಳು ನಿಮ್ಮ ಅಜ್ಜನಿಗೆ ಗೊತ್ತಿದ್ದವು.

ಈಗ ಕಾಗದಗಳ ವಿಚಾರ. ನಮ್ಮಲ್ಲಿ ಬಹುಮಂದಿ ಸಾತ್‌ಬಾರಾ ಉತಾರೆಯನ್ನು ತಂದು ತೋರಿಸಿ, "ವಕೀಲರೇ, ಇದರಲ್ಲಿ ಇಷ್ಟು ಕ್ಷೇತ್ರ ಇದೆ, ಆದ್ದರಿಂದ ಗೋಡೆ ನಮ್ಮದು" ಎನ್ನುತ್ತಾರೆ. ಗ್ರಾಮದ ಏಳನೆಯ ಮತ್ತು ಹನ್ನೆರಡನೆಯ ನಮೂನೆಗಳು ಕೂಡಿದ ಈ ಪತ್ರ ಹಕ್ಕುದಾರರ ಹೆಸರನ್ನೂ ಕ್ಷೇತ್ರವನ್ನೂ ಬೆಳೆಯನ್ನೂ ಹೇಳುತ್ತದೆ. ಆ ಕ್ಷೇತ್ರದ ಆಕಾರ ಯಾವುದು, ಮೂಲೆ ಎಲ್ಲಿ ಬರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಮೋಜಣಿಯ ನಕಾಶೆ ಮತ್ತು ಟಿಪಣ. ಸಿಟಿ ಸರ್ವೆ ಆಗಿರುವ ಭಾಗದಲ್ಲಿ ಸಾತ್‌ಬಾರಾದ ಬದಲು ಮಾಲಮತ್ತಾ ಪತ್ರಿಕೆ, ಅಂದರೆ ಪ್ರಾಪರ್ಟಿ ಕಾರ್ಡ್, ಇರುತ್ತದೆ. ಅಲ್ಲಿಯೂ ನಕಾಶೆಯನ್ನು ಬೇರೆಯಾಗಿಯೇ ತೆಗೆಸಬೇಕು. ಇನ್ನು ಮಹಾನಗರಪಾಲಿಕೆ ಮಂಜೂರು ಮಾಡಿದ ಕಟ್ಟಡದ ನಕಾಶೆ ಕಟ್ಟಡಕ್ಕೆ ಸಂಬಂಧಿಸಿದ್ದು. ಬಿಲ್ಡರನ ವಾಸ್ತುಶಿಲ್ಪಿ ಅದರಲ್ಲಿ ಎಳೆದ ಗೆರೆಯಿಂದ ನೆರೆಯವನ ನೆಲ ನಿಮ್ಮದಾಗುವುದಿಲ್ಲ. ಈ ಮೂರು ಬಗೆಯ ಕಾಗದಗಳ ಭೇದ ತಿಳಿಯದೆ ನಡೆದ ಜಗಳಗಳನ್ನು ನಾನು ಲೆಕ್ಕವಿಡಲಾರದಷ್ಟು ನೋಡಿದ್ದೇನೆ.

ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ. ಹೆಸರನ್ನಾಗಲಿ ಓಣಿಯನ್ನಾಗಲಿ ಹೇಳುವುದಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಡೊಂಬಿವಲಿ ಪೂರ್ವದ ಒಂದು ಸಣ್ಣ ಸೊಸಾಯಿಟಿ. ಹೆಚ್ಚಿನ ಸದಸ್ಯರು ಕನ್ನಡ ತುಳು ಮಾತನಾಡುವವರು. ಪಕ್ಕದಲ್ಲಿ ಈ ನೆಲದ ಮೂಲನಿವಾಸಿಗಳಾದ ಆಗರಿ ಸಮಾಜದ ಒಂದು ಕುಟುಂಬದ ಹಳೆಯ ಮನೆ. ಮಳೆಗಾಲದಲ್ಲಿ ನಡುವಿನ ಗೋಡೆ ಕುಸಿಯಿತು. ಗಡಿಯ ಜಗಳ ಹುಟ್ಟುವುದು ಸಾಮಾನ್ಯವಾಗಿ ಇಂಥ ಗಳಿಗೆಯಲ್ಲಿಯೇ. ಗೋಡೆ ನಿಂತಿರುವವರೆಗೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ, ಬಿದ್ದ ಮೇಲೆ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಏಳುತ್ತದೆ. ಸೊಸಾಯಿಟಿಯವರು ಹಳೆಯ ಪಾಯದ ಮೇಲೆಯೇ ಕಟ್ಟಲು ಹೊರಟರು. ಆ ಮನೆಯ ಹಿರಿಯರು ಬಂದು, ಪಾಯವೇ ತಮ್ಮ ಜಾಗದಲ್ಲಿದೆ ಎಂದು ತಡೆದರು. ವಾರದೊಳಗೆ ಪೋಲೀಸ್ ಠಾಣೆಗೆ ಎರಡು ಅರ್ಜಿಗಳು ಹೋದವು. 'ಹೊರಗಿನವರು' ಎಂಬ ಮಾತು ಆ ಕಡೆಯಿಂದ ಬಂತು, 'ದಾದಾಗಿರಿ' ಎಂಬ ಮಾತು ಈ ಕಡೆಯಿಂದ ಹೋಯಿತು.

ತಡೆಯಾಜ್ಞೆಗೆ ದಾವೆ ಹೂಡಬೇಕೆಂದು ಸೊಸಾಯಿಟಿಯವರು ನನ್ನಲ್ಲಿಗೆ ಬಂದರು. ಕಾಗದಗಳನ್ನು ತರಿಸಿ ನೋಡಿದೆ. ಜಮೀನು ಇನ್ನೂ ಹಳೆಯ ಮಾಲಿಕರ ಹೆಸರಿನಲ್ಲಿಯೇ ಇತ್ತು. ಫ್ಲ್ಯಾಟ್ ಮಾರಿದ ಬಿಲ್ಡರ್ ಜಮೀನನ್ನು ಸೊಸಾಯಿಟಿಗೆ ಬರೆದುಕೊಡುವ ಹಸ್ತಾಂತರ ಪತ್ರವನ್ನು, ನಾವು ಕನ್ವೇಯನ್ಸ್ ಎನ್ನುವುದನ್ನು, ಮಾಡಿಕೊಟ್ಟಿರಲೇ ಇಲ್ಲ. ೧೯೬೩ರ ಮಹಾರಾಷ್ಟ್ರ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯಿದೆ ಅವನ ಮೇಲೆ ಆ ಹೊಣೆ ಹೊರಿಸಿದೆ. ಆದರೂ ಇಂಥ ಸೊಸಾಯಿಟಿಗಳು ನಮ್ಮ ಸುತ್ತ ವಿಪುಲವಾಗಿದ್ದವು, ಇಂದಿಗೂ ಇವೆ. ದಾಖಲೆಯಲ್ಲಿ ಹೆಸರಿಲ್ಲದವರು ಮೋಜಣಿಗೆ ಅರ್ಜಿ ಹಾಕುವುದಾದರೂ ಹೇಗೆ? ದಾಖಲೆಯಲ್ಲಿ ಹೆಸರಿದ್ದವರಾದರೋ ಗೋಡೆಗೆ ತಡೆ ಹಾಕಿದ ಆ ಹಿರಿಯರ ಸ್ವಂತ ಅಣ್ಣನ ಮಕ್ಕಳು. ಯಾರ ಮೇಲೆ ದಾವೆ ಹೂಡಬೇಕೆಂದಿದ್ದರೋ ಅವರ ಮನೆಯ ಸಹಿಯಿಲ್ಲದೆ ಅಳತೆಯೇ ಸಾಧ್ಯವಿರಲಿಲ್ಲ.

ನಾನು ಸೊಸಾಯಿಟಿಯ ಕಾರ್ಯದರ್ಶಿಯವರಿಗೆ ದಾವೆಯನ್ನು ಬದಿಗಿಟ್ಟು ಆ ಮನೆಗೆ ಹೋಗಿ ಬರಲು ಹೇಳಿದೆ. ಅವರು ಹೋಗಿ, "ಕಾಕಾ, ನಮ್ಮ ಮಾತು ನೀವು ನಂಬಬೇಡಿ, ನಿಮ್ಮ ಮಾತು ನಾವು ನಂಬುವುದಿಲ್ಲ. ಸರಕಾರಿ ಮೋಜಣಿ ಕೂಡಿಯೇ ಕರೆಸೋಣ. ಖರ್ಚು ಅರ್ಧರ್ಧ" ಎಂದರು. ಕಾಕಾ ಎರಡು ದಿನ ಯೋಚಿಸಿ ಒಪ್ಪಿದರು. ಅಣ್ಣನ ಮಕ್ಕಳಿಂದ ಸಹಿಯನ್ನೂ ತಾವೇ ಮಾಡಿಸಿಕೊಟ್ಟರು.

ಭೂಮಿ ಅಭಿಲೇಖ ಕಚೇರಿಯಿಂದ ಭೂಕರಮಾಪಕರು ಬಂದು ಅಳೆದರು. ಫಲಿತಾಂಶ ಹೀಗಿತ್ತು. ರಸ್ತೆಯ ಕಡೆ ಹಳೆಯ ಗೋಡೆ ಕಾಕಾ ಅವರ ಜಾಗದಲ್ಲಿ ಒಂದೂವರೆ ಅಡಿ ಒಳಗಿತ್ತು. ಹಿಂಭಾಗದಲ್ಲಿ ಅವರ ಬಚ್ಚಲಮನೆ ಸೊಸಾಯಿಟಿಯ ಜಾಗದಲ್ಲಿ ಎರಡು ಅಡಿ ಒಳಗಿತ್ತು. ಎರಡೂ ಕಡೆಯವರು ಅರ್ಧ ಸತ್ಯವನ್ನೇ ಹಿಡಿದು ಕೂತಿದ್ದರು. ಸೊಸಾಯಿಟಿ ಹೊಸ ಗೋಡೆಯನ್ನು ಅಳತೆಯ ಗೆರೆಯ ಮೇಲೆ ಕಟ್ಟಿತು. ಬಚ್ಚಲಮನೆಯನ್ನು ಕೆಡವಿಸಲಿಲ್ಲ. ಅದು ಇರುವವರೆಗೆ ಸೊಸಾಯಿಟಿಯ ಅನುಮತಿಯಿಂದ ಇರುತ್ತದೆ, ಹೊಸದಾಗಿ ಕಟ್ಟುವಾಗ ಗೆರೆಯ ಒಳಗೆ ಕಟ್ಟಲಾಗುತ್ತದೆ ಎಂದು ಬರೆದು ಇಬ್ಬರೂ ಸಹಿ ಹಾಕಿದರು. ಮುಂದೆ ಕನ್ವೇಯನ್ಸಿನ ಕಾಲಕ್ಕೆ ಜಮೀನು ಮಾಲಿಕರ ಕಡೆಯ ಸಹಿಗಳನ್ನು ಒಟ್ಟುಗೂಡಿಸಿಕೊಟ್ಟವರು ಇದೇ ಕಾಕಾ.

ಈ ಪ್ರಕರಣದಲ್ಲಿ 'ಅನುಮತಿಯಿಂದ' ಎಂಬ ಶಬ್ದಕ್ಕೆ ಬಹಳ ಬೆಲೆಯುಂಟು. ೧೯೬೩ರ ಕಾಲಮಿತಿ ಕಾಯಿದೆಯ ಪ್ರಕಾರ ಇನ್ನೊಬ್ಬರ ಸ್ಥಿರಾಸ್ತಿಯನ್ನು ಬಹಿರಂಗವಾಗಿ, ಮಾಲಿಕನ ಹಕ್ಕಿಗೆ ಪ್ರತಿಕೂಲವಾಗಿ, ಅಡೆತಡೆಯಿಲ್ಲದೆ ಹನ್ನೆರಡು ವರ್ಷ ಅನುಭವಿಸಿದರೆ ಮಾಲಿಕನ ಹಕ್ಕೇ ನಶಿಸಿಹೋಗಬಹುದು. ಹಾಗೆ ಅನುಭವಿಸಿದವನು ಆ ಹಕ್ಕಿನ ಮೇಲೆ ತಾನೇ ವಾದಿಯಾಗಿಯೂ ದಾವೆ ಹೂಡಬಹುದೆಂದು ಸುಪ್ರೀಂ ಕೋರ್ಟು ೨೦೧೯ರಲ್ಲಿ ಹೇಳಿದೆ. ಆದರೆ ಮಾಲಿಕನ ಅನುಮತಿಯಿಂದ ಇರುವವನ ಅನುಭೋಗ ಎಷ್ಟು ವರ್ಷವಾದರೂ ಪ್ರತಿಕೂಲವಾಗುವುದಿಲ್ಲ. ಆದ್ದರಿಂದ ನೆರೆಯವರಿಗೆ ಔದಾರ್ಯ ತೋರಿರಿ, ತೋರಿದ್ದನ್ನು ಬರೆದಿಡಿರಿ. ಬರೆಯುವುದು ಅವಿಶ್ವಾಸದ ಲಕ್ಷಣವೆಂದು ನಮ್ಮ ಹಿರಿಯರು ಸಂಕೋಚಪಡುತ್ತಿದ್ದರು. ಮುಂದಿನ ಪೀಳಿಗೆಯವರು ನಮ್ಮ ಸ್ನೇಹವನ್ನು ಕಂಡವರಲ್ಲ. ಅವರ ಕೈಗೆ ಸಿಗುವುದು ಕಾಗದ ಮಾತ್ರ.

ಮೋಜಣಿಯ ಕ್ರಮವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ೧೯೬೬ರ ಮಹಾರಾಷ್ಟ್ರ ಜಮೀನು ಮಹಸೂಲ್ ಸಂಹಿತೆಯಲ್ಲಿ ಗಡಿ ನಿರ್ಣಯಕ್ಕೂ ಗಡಿಗುರುತುಗಳ ರಕ್ಷಣೆಗೂ ಪ್ರತ್ಯೇಕ ಅವಕಾಶವಿದೆ. ತಾಲೂಕಿನ ಭೂಮಿ ಅಭಿಲೇಖ ಉಪ ಅಧೀಕ್ಷಕರ ಕಚೇರಿಯಲ್ಲಿ ಶುಲ್ಕ ತುಂಬಿ ಅರ್ಜಿ ಕೊಡಬೇಕು. ಸುತ್ತಲಿನ ಹಿಡುವಳಿದಾರರಿಗೆಲ್ಲ ನೋಟೀಸು ಹೋಗುತ್ತದೆ. ಗೊತ್ತಾದ ದಿನ ನೀವು ಸ್ವತಃ ಹಾಜರಿರಬೇಕು. ಆಕ್ಷೇಪವಿದ್ದರೆ ಸ್ಥಳದಲ್ಲಿಯೇ ಬರಹದಲ್ಲಿ ಕೊಡಬೇಕು. ಅಳತೆಯ ನಂತರ ಸಿಗುವ ನಕಾಶೆಯನ್ನು 'ಕ' ಪ್ರತಿ ಎನ್ನುತ್ತಾರೆ, ಅದನ್ನು ಜೋಪಾನವಾಗಿಡಿ. ಅಳತೆ ಒಪ್ಪಿಗೆಯಾಗದಿದ್ದರೆ ಮೇಲಿನ ಅಧಿಕಾರಿಯಿಂದ 'ನಿಮತಾನಾ' ಎಂಬ ಮರು ಅಳತೆ, ಅದಕ್ಕೂ ಮೇಲೆ ಜಿಲ್ಲಾ ಅಧೀಕ್ಷಕರಿಂದ 'ಸೂಪರ್ ನಿಮತಾನಾ' ಉಂಟು. ಒಮ್ಮೆಗೆ ಒಪ್ಪದವರು ಬಡಿಗೆ ಹಿಡಿಯಬೇಕಾದ ಅಗತ್ಯವಿಲ್ಲ.

ಅಳತೆಯಾದ ಮೇಲೂ ಮಾತು ಮುರಿದರೆ ನ್ಯಾಯಾಲಯವಿದೆ. ಒತ್ತುವರಿಯ ದಾವೆಯಲ್ಲಿ ನ್ಯಾಯಾಲಯವೂ ಬಹುಮಟ್ಟಿಗೆ ಕಮಿಷನರನನ್ನು ನೇಮಿಸಿ ಅಳತೆಯನ್ನೇ ಮಾಡಿಸುತ್ತದೆ. ಅಂದರೆ ಹತ್ತು ವರ್ಷ ಅಲೆದ ಮೇಲೂ ನೀವು ಬಂದು ನಿಲ್ಲುವುದು ಅದೇ ಸರಪಳಿಯ ಮುಂದೆ. ಅದಕ್ಕೆ ಮೊದಲು ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ನಡೆಯುವ ಲೋಕ ಅದಾಲತ್ತನ್ನು ನೆನೆಯಿರಿ. ಅಲ್ಲಿ ಆದ ರಾಜಿಗೆ ದಿವಾಣಿ ನ್ಯಾಯಾಲಯದ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಅಪೀಲಿಲ್ಲ, ತುಂಬಿದ ಕೋರ್ಟ್ ಶುಲ್ಕ ಮರಳಿ ಬರುತ್ತದೆ. ಮಹಾರಾಷ್ಟ್ರ ಸರಕಾರ ೨೦೦೭ರಲ್ಲಿ ಮಹಾತ್ಮಾ ಗಾಂಧಿಯವರ ಹೆಸರಿನಲ್ಲಿ ಆರಂಭಿಸಿದ 'ತಂಟಾಮುಕ್ತ ಗಾಂವ್' ಚಳವಳಿಯೂ ಊರ ಜಗಳವನ್ನು ಊರಲ್ಲೇ ಮುಗಿಸಬೇಕೆಂಬ ಹಂಬಲದಿಂದ ಹುಟ್ಟಿದ್ದೇ. ರಾಜಿಯಲ್ಲಿ ಒಂದು ಎಚ್ಚರಿಕೆ ಬೇಕು. ನಿಜವಾದ ಗೆರೆ ಯಾವುದೆಂದು ಒಪ್ಪಿಕೊಳ್ಳುವುದು ಬೇರೆ, ಜಾಗವನ್ನು ಅದಲು ಬದಲು ಮಾಡಿಕೊಳ್ಳುವುದು ಬೇರೆ. ಅದಲು ಬದಲಿಗೆ ನೋಂದಣಿ ಬೇಕಾಗುತ್ತದೆ. ಸೊಸಾಯಿಟಿಯಾಗಿದ್ದರೆ ಸರ್ವಸಾಧಾರಣ ಸಭೆಯ ಠರಾವೂ ಬೇಕು.

ನವಿ ಮುಂಬಯಿಯ ಬಂಧುಗಳ ಸ್ಥಿತಿ ಸ್ವಲ್ಪ ಬೇರೆ. ೧೯೭೦ರಲ್ಲಿ ಸ್ಥಾಪನೆಯಾದ ಸಿಡ್ಕೋ, ರೈತರಿಂದ ಸ್ವಾಧೀನವಾದ ನೆಲವನ್ನು ಪ್ಲಾಟುಗಳಾಗಿ ವಿಂಗಡಿಸಿ ದೀರ್ಘಾವಧಿಯ ಲೀಸಿನ ಮೇಲೆ ಕೊಟ್ಟಿತು. ಅಲ್ಲಿ ನೀವು ಲೀಸುದಾರರು. ಸಾಲುಮನೆಗಳಲ್ಲಿ ಇಬ್ಬರಿಗೂ ಸೇರಿದ ನಡುಗೋಡೆಯನ್ನು ಒಬ್ಬರೇ ಒಡೆದರೆ, ಅಥವಾ ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗದ ಮೇಲೆ ಅಡುಗೆಮನೆ ಚಾಚಿದರೆ, ನೆರೆಯವರು ಸುಮ್ಮನಿದ್ದರೂ ಸಿಡ್ಕೋ ಮತ್ತು ಪಾಲಿಕೆ ಸುಮ್ಮನಿರಬೇಕಾಗಿಲ್ಲ. ಇಬ್ಬರೂ ಒಪ್ಪಿ ಗೆರೆ ಸರಿಸಿದರೂ ಮೂಲ ಮಾಲಿಕರ ಸಮ್ಮತಿಯಿಲ್ಲದೆ ಅದು ನಿಲ್ಲಲಾರದು. ಅದೇ ನಗರದ ನಡುವೆ ಉಳಿದ ಹಳೆಯ ಗಾವಠಾಣಗಳ ಮನೆಗಳ ಕತೆ ಇನ್ನೂ ಜಟಿಲ. ಅಲ್ಲಿ ಜಾಗ ಕೊಳ್ಳುವವರು ಗೆರೆ ಕಾಣುವ ಮೊದಲು ಬಯಾಣ ಕೊಡಬಾರದು.

ಇಂದು ಈ ವಿಷಯಕ್ಕೆ ಅವಸರ ಬಂದಿರುವುದಕ್ಕೆ ಕಾರಣವಿದೆ. ನಮ್ಮ ತಂದೆತಾಯಂದಿರು ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಚಾಳು ಬಿಟ್ಟು ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಕೊಂಡ ಕಟ್ಟಡಗಳು ಹಳತಾಗಿ ಪುನರ್ನಿರ್ಮಾಣಕ್ಕೆ ನಿಂತಿವೆ. ೨೦೨೦ರ ಏಕೀಕೃತ ನಿಯಮಾವಳಿಯ ನಂತರ ಪ್ರತಿಯೊಂದು ಚದರ ಅಡಿ ನೆಲಕ್ಕೂ ಎಫ್.ಎಸ್.ಐ. ಲೆಕ್ಕ. ನಲವತ್ತು ವರ್ಷ ಯಾರೂ ಕೇಳದಿದ್ದ ಗೋಡೆಯನ್ನು ಈಗ ಬಿಲ್ಡರ್ ಕೇಳುತ್ತಾನೆ, ನೆರೆಯವರೂ ಕೇಳುತ್ತಾರೆ. ಮನೆ ಖಾಲಿ ಮಾಡಿ ಬಾಡಿಗೆಗೆ ಹೋದ ಮೇಲೆ ಗಡಿಯ ದಾವೆ ಎದ್ದರೆ ಎಪ್ಪತ್ತೈದು ವರ್ಷದ ನಮ್ಮ ಹಿರಿಯರು ಮರಳಿ ತಮ್ಮ ಮನೆಯ ಹೊಸ್ತಿಲು ಕಾಣುವುದು ಯಾವಾಗ? ಆದ್ದರಿಂದ ಖಾಲಿ ಮಾಡುವ ಮೊದಲೇ ಕನ್ವೇಯನ್ಸ್, ಮೊದಲೇ ಮೋಜಣಿ. ಬಿಲ್ಡರ್ ಸಿಗದಿದ್ದರೂ ೨೦೦೮ರ ತಿದ್ದುಪಡಿಯ ನಂತರ ಜಿಲ್ಲಾ ಉಪನಿಬಂಧಕರಿಂದ 'ಡೀಮ್ಡ್ ಕನ್ವೇಯನ್ಸ್' ಪಡೆಯುವ ದಾರಿ ತೆರೆದಿದೆ. ಅದನ್ನು ಪಡೆದು ಸುಮ್ಮನಾಗದೆ ಸೊಸಾಯಿಟಿಯ ಹೆಸರನ್ನು ಜಮೀನಿನ ದಾಖಲೆಗೂ ಏರಿಸಿಕೊಳ್ಳಬೇಕು.

ಊರಿನ ಹೊಲದ ಬಗ್ಗೆ ಎರಡು ಮಾತು. ನಮ್ಮಲ್ಲಿ ಬಹಳ ಮಂದಿಯ ಹೆಸರು ಇನ್ನೂ ಅಲ್ಲಿಯ ಪಹಣಿಯಲ್ಲಿದೆ. ಪ್ರತಿ ವರ್ಷ ಉಳುವಾಗ ಒಂದು ಸಾಲು ಈಚೆ ಬಂದರೆ ಹನ್ನೆರಡು ವರ್ಷಕ್ಕೆ ಬದು ಎಲ್ಲಿಗೆ ಬರುತ್ತದೆಂದು ಲೆಕ್ಕ ಹಾಕಿಕೊಳ್ಳಿ. ಸಾಗು ಮಾಡುತ್ತಿರುವವನು ಒಡಹುಟ್ಟಿದವನಾದರೆ ಕಾಲ ಕಳೆದ ಮಾತ್ರಕ್ಕೆ ನಿಮ್ಮ ಪಾಲು ಅಳಿಯುವುದಿಲ್ಲ. ಸಹಭಾಗಿಯ ಅನುಭೋಗವನ್ನು ಕಾನೂನು ಎಲ್ಲರ ಪರವಾಗಿಯೇ ಕಾಣುತ್ತದೆ. ನೆರೆಯವನ ವಿಷಯ ಹಾಗಲ್ಲ. ಕರ್ನಾಟಕದಲ್ಲಿ ೨೦೦೦ದ ಸುಮಾರಿಗೆ ಬಂದ 'ಭೂಮಿ' ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂತು. ಹದ್ದುಬಸ್ತಿನ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬಹುದು. ಸರಕಾರದ 'ದಿಶಾಂಕ್' ಎಂಬ ಮೊಬೈಲ್ ಸಾಧನದಲ್ಲಿ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಅದು ದಿಕ್ಕು ತೋರಿಸಲು ಸಾಕು. ಫೋನಿನಲ್ಲಿ ಕಂಡ ಗೆರೆಯನ್ನು ತೋರಿಸಿ ಬದು ಕೀಳಲು ಹೋಗಬಾರದು. ಜಾತ್ರೆಗೋ ದೀಪಾವಳಿಗೋ ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಬಾಂದುಕಲ್ಲುಗಳನ್ನು ಮುಟ್ಟಿ ತೋರಿಸಿ ಬನ್ನಿ.

ಕೊನೆಯದಾಗಿ ಒಂದು ಕೆಲಸವನ್ನು ನಿಮಗೆ ಒಪ್ಪಿಸುತ್ತೇನೆ. ಬರುವ ತಿಂಗಳ ನಿಮ್ಮ ಸೊಸಾಯಿಟಿಯ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ನಮ್ಮ ಕಟ್ಟಡ ನಿಂತ ನೆಲ ಯಾರ ಹೆಸರಿನಲ್ಲಿದೆ? ಅದರ ಮೋಜಣಿ ನಕಾಶೆ ನಮ್ಮ ಕಪಾಟಿನಲ್ಲಿ ಇದೆಯೇ? ಪಕ್ಕದ ಜಾಗದವರ ಹೆಸರು, ಮುಖ ನಮಗೆ ಗೊತ್ತಿದೆಯೇ? ಮೊದಲಿನ ಎರಡಕ್ಕೆ ಉತ್ತರ ಸಿಗದಿದ್ದರೆ ವಕೀಲರನ್ನು ಕಾಣಿರಿ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಗಣಪತಿಯ ಪ್ರಸಾದ ತೆಗೆದುಕೊಂಡು ನೀವೇ ಹೋಗಿ ಬನ್ನಿ. ಅದಕ್ಕೆ ವಕೀಲರ ಫೀಸು ಬೇಕಿಲ್ಲ.